ರ, ಗ, ಸ, ದ, ಅ: ಮಗಳಿಗೆ ಓದು ಬಂದ ದಾರಿ

ಯುಕೆಜಿಯ ಅರ್ಧ ವರ್ಷ ಕಳೆಯುವ ಹೊತ್ತಿಗೆ ನನ್ನ ಮಗಳಿಗೆ ‘ಅ’ದಿಂದ ‘ಳ’ದವರೆಗೆ 49 ಅಕ್ಷರಗಳೂ ಬಾಯಿಪಾಠವಾಗಿದ್ದವು. ಓದು ಮಾತ್ರ ಬರುತ್ತಿರಲಿಲ್ಲ. ಗೋಡೆಯ ಮೇಲಿನ ಅಕ್ಷರಪಟದಲ್ಲಿ ‘ಮ’ದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರೆ, ಆ ಸಾಲಿನ ಮೊದಲಿಗೆ ಹೋಗಿ ‘ಪ ಫ ಬ ಭ ಮ’ ಎಂದು ಹೇಳಿಕೊಳ್ಳುತ್ತಾ ಅಲ್ಲಿಗೆ ಬಂದು ನಿಲ್ಲುತ್ತಿದ್ದಳು. ಅದೇ ‘ಮ’ವನ್ನು ದಿನಪತ್ರಿಕೆಯ ತಲೆಬರಹದಲ್ಲಿ ತೋರಿಸಿದರೆ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಅಕ್ಷರ ಇರುವ ಜಾಗ, ಅಕ್ಷರವಲ್ಲ. ಶಾಲೆಯಲ್ಲಿ ಪ್ರತಿದಿನ ಇಡೀ ತರಗತಿ ಒಟ್ಟಾಗಿ ಹೇಳುತ್ತಿತ್ತು, ಅವಳೂ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದಳು. ಹೇಳುವುದರಲ್ಲಿ ಅವಳಿಗೆ ಸಂತೋಷವಿತ್ತು. ಆ ಸಂತೋಷವನ್ನು ಕೆಡಿಸದೆ ಓದಿನ ಕಡೆಗೆ ಅವಳನ್ನು ಕರೆದುಕೊಂಡು ಹೋಗುವುದು ಹೇಗೆ ಎಂಬುದೇ ನನ್ನ ಮುಂದಿದ್ದ ಪ್ರಶ್ನೆ.

ನಾವು ಇರುವುದು ಕೋಲಾರ ಪಟ್ಟಣದಲ್ಲಿ. ಯಜಮಾನರಿಗೆ ಟೊಮೆಟೊ ಮಂಡಿಯಲ್ಲಿ ಕೆಲಸ, ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾರೆ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹಗಲು ಮಗುವನ್ನು ನೋಡಿಕೊಳ್ಳುವವರು ಅತ್ತೆ. ಅವರು ಆಡುವುದು ತೆಲುಗು, ನಾನು ಆಡುವುದು ಕನ್ನಡ, ಮಗಳು ಯಾರ ಜೊತೆ ಯಾವುದೋ ಅದನ್ನು ಆಡುತ್ತಾಳೆ. ಈ ಕಡೆಯ ಮನೆಗಳಲ್ಲಿ ಇದೇನೂ ಹೊಸದಲ್ಲ. ಆದರೂ ‘ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಓದು ತಡವಾಗುತ್ತದೆ, ತೆಲುಗು ನಿಲ್ಲಿಸಿ’ ಎಂದು ಹೇಳಿದವರು ಇದ್ದರು. ನಾನು ನಿಲ್ಲಿಸಲಿಲ್ಲ. ಅತ್ತೆ ತೆಲುಗಿನಲ್ಲಿ ಹೇಳಿದ ಕಥೆಯನ್ನು ಮಗಳು ಸಂಜೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಕಥೆಯ ಮೊದಲು, ನಡು, ಕೊನೆ ಅವಳ ತಲೆಯಲ್ಲಿ ಸರಿಯಾಗಿ ಕೂತಿದ್ದವು. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಬೇಕಾದದ್ದು ಅದೇ ತಾನೇ.

ದಾರಿ ತೋರಿಸಿದವಳು ನನ್ನ ಅಕ್ಕ. ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅವಳು ನಲಿ-ಕಲಿ ತರಗತಿ ನಡೆಸುತ್ತಾಳೆ. ದಸರಾ ರಜೆಗೆ ಬಂದಾಗ ಮಗಳ ಪಟ ನೋಡಿ, ‘ಇದನ್ನು ಕಳಚಬೇಡ, ಹಾಡಿಕೊಳ್ಳಲಿ. ಓದಿಸುವುದಕ್ಕೆ ಮಾತ್ರ ಬೇರೆ ಕಡೆಯಿಂದ ಶುರು ಮಾಡು’ ಎಂದಳು. ಒಂದು ಹಾಳೆಯ ಮೇಲೆ ದೊಡ್ಡದಾಗಿ ಐದು ಅಕ್ಷರ ಬರೆದಳು: ರ, ಗ, ಸ, ದ, ಅ.

ನಲಿ-ಕಲಿಯ ಕನ್ನಡ ಕಲಿಕೆ ಈ ಐದರಿಂದ ಆರಂಭವಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಮೊದಲಾದ ಈ ಪದ್ಧತಿಗೆ ಪ್ರೇರಣೆ ಸಿಕ್ಕಿದ್ದು ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ. ನಮ್ಮ ಗಡಿ ದಾಟಿದರೆ ಸಿಗುವ ಊರು ಅದು. ಅಲ್ಲಿಗೆ ಹೋಗಿ ನೋಡಿಬಂದ ಮೇಷ್ಟ್ರುಗಳು ಇಲ್ಲಿಯ ಮಕ್ಕಳಿಗೆ ತಕ್ಕಂತೆ ಅದನ್ನು ಮಾರ್ಪಡಿಸಿದರು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯವರೆಗೆ ಹರಡಿತು. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ, ಬರೆಯಲು ಸುಲಭವಾದ, ಸೇರಿಸಿದ ತಕ್ಷಣ ಪದ ಹುಟ್ಟಿಸುವ ಅಕ್ಷರಗಳನ್ನು ಮೊದಲು ಕೊಡುವುದು ಅದರ ಜೀವಾಳ. ಯೋಚಿಸಿ ನೋಡಿ: ‘ಅ ಆ ಇ ಈ ಉ ಊ’ ಅಷ್ಟೂ ಕಲಿತರೂ ಮಗು ಅವುಗಳನ್ನು ಜೋಡಿಸಿ ಮನೆಯಲ್ಲಿ ಆಡುವ ಒಂದು ಪದವನ್ನೂ ಕಟ್ಟಲಾರದು. ‘ರ ಗ ಸ ದ ಅ’ ಬಂದರೆ ಸರ, ರಸ, ಅರಸ, ಅಗಸ, ಗರಗಸ, ಗದಗ ಎಲ್ಲವೂ ಅದರ ಕೈಗೆ ಬರುತ್ತವೆ.

ಹಳೆಯ ಮದುವೆ ಪತ್ರಿಕೆಗಳ ದಪ್ಪ ಕಾಗದ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದೆ. ಪ್ರತಿ ಅಕ್ಷರಕ್ಕೆ ನಾಲ್ಕಾರು ಚೀಟಿ. ಸಂಜೆ ದೀಪ ಹಚ್ಚಿದ ಮೇಲೆ, ಅಡುಗೆಗೆ ಮುಂಚೆ, ನೆಲದ ಮೇಲೆ ಚೀಟಿ ಹರಡಿಕೊಂಡು ಕೂರುತ್ತಿದ್ದೆವು. ಹೊತ್ತು ಸ್ವಲ್ಪವೇ. ಅವಳು ಏಳುವ ಮೊದಲೇ ನಾನು ಎತ್ತಿಡುತ್ತಿದ್ದೆ, ನಾಳೆಗೆ ಆಸೆ ಉಳಿಯಲಿ ಎಂದು.

‘ಸ’ ಮತ್ತು ‘ರ’ ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗ ಅವಳು ‘ಸ… ರ…’ ಎಂದಳು. ಎರಡು ಬೇರೆ ಬೇರೆ ಶಬ್ದಗಳು, ಅರ್ಥವಿಲ್ಲ. ಬೇಗ ಹೇಳು ಎಂದೆ. ‘ಸ, ರ. ಸರ.’ ಅವಳ ಕಣ್ಣು ಅಜ್ಜಿಯ ಕೊರಳಿನ ಕಡೆ ತಿರುಗಿತು. ಬಾಯಿಂದ ಬಂದ ಶಬ್ದ ಒಂದು ವಸ್ತುವಾಗಿ ಎದುರಿಗೆ ಇತ್ತು. ಆಮೇಲೆ ಚೀಟಿಗಳನ್ನು ಅದಲು ಬದಲು ಮಾಡಿದೆ: ರಸ. ಅದೇ ಎರಡು ಅಕ್ಷರ, ಜಾಗ ಬದಲಾದರೆ ಬೇರೆ ಪದ. ಓದು ಎಡದಿಂದ ಬಲಕ್ಕೆ ಹೋಗುತ್ತದೆ ಎಂದು ನಾನು ಬಾಯಿ ಬಿಟ್ಟು ಹೇಳಬೇಕಾಗಲೇ ಇಲ್ಲ. ಅಂದು ಅವಳು ಆ ಎರಡು ಚೀಟಿಗಳನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೈಯಲ್ಲಿ ಆಡಿ ತೋರಿಸಬಹುದಾದ ಪದಗಳು. ಗರಗರ ಎಂದು ಓದಿದರೆ ಗಿರಕಿ ಹೊಡೆಯಬೇಕು, ಸರಸರ ಎಂದರೆ ಅಡುಗೆಮನೆಯವರೆಗೆ ನಡೆದು ಬರಬೇಕು, ದರದರ ಎಂದರೆ ದಿಂಬನ್ನು ಎಳೆದುಕೊಂಡು ಹೋಗಬೇಕು. ನಾನು ಚೀಟಿ ಜೋಡಿಸುತ್ತಿದ್ದೆ, ಅವಳು ಓದಿ ಆಡುತ್ತಿದ್ದಳು. ಅಜ್ಜಿಯ ಸರದಿ ಬಂದಾಗ ಅಜ್ಜಿಯೂ ಆಡಬೇಕಿತ್ತು. ಓದಿದ್ದಕ್ಕೆ ತಕ್ಷಣ ಒಂದು ಅರ್ಥ, ಒಂದು ಕೆಲಸ ಸಿಗುವುದು ಎಷ್ಟು ಮುಖ್ಯ ಎಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ. ಅರ್ಥವಿಲ್ಲದ ಓದಿನಲ್ಲಿ ಮಗುವನ್ನು ತಿಂಗಳುಗಟ್ಟಲೆ ಕೂರಿಸುವುದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ಎರಡನೆಯ ಗುಂಪು ಜ, ವ, ಮ, ಬ, ನ. ಈಗ ಪದಗಳು ಮನೆಯಿಂದ ಬೀದಿಗೆ ಹೊರಟವು: ಮರ, ದನ, ಜನ, ನಗರ, ಗಗನ. ಇಲ್ಲಿ ತೊಡಕುಗಳೂ ಬಂದವು. ‘ನ’ ಮತ್ತು ‘ಸ’ ಅವಳ ಕಣ್ಣಿಗೆ ಒಂದೇ ಆಗಿ ಕಾಣುತ್ತಿದ್ದವು, ‘ವ’ ಮತ್ತು ‘ಮ’ ಕೂಡ. ಕಾಗದದ ಮೇಲೆ ಎಷ್ಟು ತೋರಿಸಿದರೂ ಬಗೆಹರಿಯಲಿಲ್ಲ. ಅಗಲ ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಿಂದ ಬರೆಯಲು ಬಿಟ್ಟೆ. ವಿಜಯದಶಮಿಗೆ ಅಕ್ಕಿಯ ಮೇಲೆ ಬರೆಸಿದ್ದು ಅವಳಿಗೆ ನೆನಪಿತ್ತು, ಖುಷಿಯಿಂದ ಕೂತಳು. ‘ವ’ ಬರೆದು ಅಲ್ಲಿಯೇ ಬೆರಳು ನಿಲ್ಲಿಸಬೇಕು. ನಿಲ್ಲಿಸದೆ ಬಲಕ್ಕೆ ಇನ್ನೊಂದು ಸುಳಿ ಎಳೆದರೆ ‘ಮ’. ಕಣ್ಣಿಗೆ ಸಿಗದ ವ್ಯತ್ಯಾಸ ಬೆರಳಿಗೆ ಸಿಕ್ಕಿತು. ಪೆನ್ಸಿಲ್ ಹಿಡಿಸುವ ಆತುರ ನನಗಿರಲಿಲ್ಲ. ಐದು ವರ್ಷದ ಬೆರಳುಗಳಿಗೆ ಗೆರೆಯ ನಡುವೆ ಬರೆಯುವುದೇ ಒಂದು ದೊಡ್ಡ ಕೆಲಸ. ಶಾಲೆಯ ಕಾಪಿ ಬರೆಯುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಓದಿನ ಹೊತ್ತನ್ನು ನಾನು ಬರವಣಿಗೆಗೆ ಕೊಡಲಿಲ್ಲ.

‘ಪ’ ಇರುವ ಮೂರನೆಯ ಗುಂಪು ನಡೆಯುತ್ತಿದ್ದ ಕಾಲ. ಊರಿಗೆ ಹೋಗಲು ಕೋಲಾರದ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಆಂಧ್ರದ ಬಸ್ಸೊಂದು ಬಂದು ನಿಂತಿತು, ಹಲಗೆಯ ಮೇಲೆ ತೆಲುಗಿನಲ್ಲಿ ಮದನಪಲ್ಲಿ ಎಂದಿತ್ತು. ಮಗಳು ‘ಮ, ದ, ನ, ಪ’ ಎಂದು ಓದಿ, ಮುಂದಿನ ಒತ್ತಕ್ಷರದಲ್ಲಿ ನಿಂತಳು. ಅದು ತೆಲುಗು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕನ್ನಡ, ತೆಲುಗು ಎರಡೂ ಒಂದೇ ಲಿಪಿಯಿಂದ ಕವಲೊಡೆದವು. ಆ ನಾಲ್ಕು ಅಕ್ಷರಗಳಲ್ಲಿ ಹೆಚ್ಚಿನ ವ್ಯತ್ಯಾಸ ತಲಕಟ್ಟಿನಲ್ಲಿ ಮಾತ್ರ. ‘ಕ’, ‘ತ’, ‘ಶ’ ಬಂದಿದ್ದರೆ ಅವಳಿಗೆ ಗುರುತು ಸಿಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಅತ್ತೆ ಉಳಿದದ್ದನ್ನು ಓದಿ ಪೂರ್ತಿ ಮಾಡಿದರು. ಮೊಮ್ಮಗಳು ತಮ್ಮ ಲಿಪಿಯನ್ನೂ ಓದುತ್ತಾಳೆ ಎಂದು ಅವರು ಬಸ್ಸಿನ ಉದ್ದಕ್ಕೂ ಪಕ್ಕದವರಿಗೆ ಹೇಳಿಕೊಂಡು ಬಂದರು. ಅಂದಿನಿಂದ ಬಸ್ಸಿನ ಹಲಗೆಗಳು ನಮ್ಮ ಪಾಠಪುಸ್ತಕವಾದವು. ಆದರೆ ಅಲ್ಲಿ ಬರಿಯ ಅಕ್ಷರಗಳು ಸಾಲವು. ಕೋಲಾರ, ಮಾಲೂರು, ನರಸಾಪುರ, ಮುಳಬಾಗಿಲು, ಯಾವ ಊರನ್ನು ಓದಬೇಕಾದರೂ ಕಾಗುಣಿತ ಬೇಕು.

ಕಾಗುಣಿತದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕನ್ನಡ ಓದಿನ ನಿಜವಾದ ಏರು ಇರುವುದು ಇಲ್ಲಿ, ತಂದೆ ತಾಯಂದಿರು ತಾಳ್ಮೆ ಕಳೆದುಕೊಳ್ಳುವುದೂ ಇಲ್ಲಿಯೇ. 34 ವ್ಯಂಜನ, 13 ಸ್ವರ. ಗುಣಿಸಿದರೆ 442 ರೂಪಗಳು, ಅನುಸ್ವಾರ, ವಿಸರ್ಗ, ಒತ್ತಕ್ಷರ ಬೇರೆ. ಇಂಗ್ಲಿಷಿನ 26 ಅಕ್ಷರಗಳನ್ನು ಮಗು ಬೇಗ ಗುರುತಿಸುತ್ತದೆ. ಅದನ್ನು ನೋಡಿ ‘ಕನ್ನಡದಲ್ಲಿ ಹಿಂದೆ ಬಿದ್ದಿದ್ದಾಳೆ’ ಎನ್ನುವುದು ಸರಿಯಲ್ಲ. ಕನ್ನಡ ಕಲಿಯುವ ಮಕ್ಕಳ ಓದಿನ ಮೇಲೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲೆ ಹಿಡಿತ ಬರುವುದು ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದ್ದಾರೆ. ಅಕ್ಕ ಇದನ್ನು ತನ್ನ ತರಬೇತಿಯೊಂದರಲ್ಲಿ ಕೇಳಿ ಬಂದು ನನಗೆ ಹೇಳಿದಳು. ನನ್ನ ಎದೆಯ ಭಾರ ಇಳಿಯಿತು. ಯುಕೆಜಿಯ ಮಗುವಿಗೆ ಇಡೀ ಕಾಗುಣಿತ ಬರಬೇಕೆಂದು ಯಾರಾದರೂ ಹೇಳಿದರೆ ನಾನು ಈಗ ಸುಮ್ಮನಿರುವುದಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮ ಮೇಷ್ಟ್ರು ಹೇಳಿಸುತ್ತಿದ್ದದ್ದು ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ’. ಆ ರಾಗ ನನಗೆ ಪ್ರಿಯ, ಮಗಳಿಗೂ ಹೇಳಿಕೊಟ್ಟಿದ್ದೇನೆ. ಓದಿಸುವಾಗ ಮಾತ್ರ ಒಂದು ಅಕ್ಷರಕ್ಕೆ ಎಲ್ಲ ಚಿಹ್ನೆಗಳನ್ನೂ ಹಚ್ಚುವ ಬದಲು, ಒಂದೇ ಚಿಹ್ನೆಯನ್ನು ಗೊತ್ತಿರುವ ಎಲ್ಲ ಅಕ್ಷರಗಳಿಗೂ ಹಚ್ಚಿದೆವು. ಮೊದಲು ಇಳಿ. ಬಲ ಇದ್ದದ್ದು ಬಾಲವಾಯಿತು, ದನ ದಾನವಾಯಿತು, ಸರ ಸಾರವಾಯಿತು. ದೀರ್ಘ ಬಂದಾಗ ಕೈಯನ್ನು ಉದ್ದಕ್ಕೆ ಚಾಚುವುದು ಅವಳೇ ಕಂಡುಕೊಂಡ ಉಪಾಯ. ಇಳಿ ನೆಲೆಗೊಳ್ಳುವವರೆಗೆ ಗುಡಿಸಿನ ಹತ್ತಿರ ಹೋಗಲಿಲ್ಲ. ಗುಡಿಸು ಬಂದಾಗ ನರಿ, ಗಿಣಿ, ಗಿಡ ಬಂದವು. ಕೊಂಬು ಬಂದಾಗ ಹಸು, ಕರು, ಹಾವು.

‘ಹಾವು’ ಎಂಬಲ್ಲಿ ಅವಳು ತಡೆದಳು. ‘ಸು’, ‘ರು’ಗಳಲ್ಲಿ ಕೊಂಬು ಪಕ್ಕದಲ್ಲಿದೆ, ‘ವು’ನಲ್ಲಿ ಏಕೆ ಕೆಳಗೆ ಇಳಿದಿದೆ ಎಂದು ಕೇಳಿದಳು. ರಾಗಿಯ ತಟ್ಟೆಯಲ್ಲಿ ‘ವ’ ಬರೆದು, ಕೊಂಬನ್ನು ಪಕ್ಕದಲ್ಲೇ ಸೇರಿಸಿ ತೋರಿಸಿದೆ. ‘ಇದು ಮ ಆಗಿಬಿಟ್ಟಿತು!’ ಎಂದು ಕೂಗಿದಳು. ಅದಕ್ಕೇ ಕೆಳಗೆ ಇಳಿಸಿದ್ದಾರೆ, ‘ಪು’ವಿಗೂ ಹಾಗೆಯೇ, ಇಲ್ಲದಿದ್ದರೆ ಕಣ್ಣು ಗಲಿಬಿಲಿಗೊಳ್ಳುತ್ತದೆ ಎಂದೆ. ಲಿಪಿಯ ಒಳಗೆ ಒಂದು ಯೋಚನೆ ಇದೆ ಎಂದು ಮಗುವಿಗೆ ಗೊತ್ತಾಗುವುದು ನನಗೆ ಬಹಳ ದೊಡ್ಡ ವಿಷಯ. ಆಮೇಲಿಂದ ಅವಳು ಪ್ರತಿ ಚಿಹ್ನೆಯನ್ನೂ ಅನುಮಾನದಿಂದ ನೋಡತೊಡಗಿದಳು. ಕೀ, ಕೇ, ಕೋ ಈ ಮೂರರ ಬಲಗಡೆಯೂ ಒಂದೇ ದೀರ್ಘದ ಗುರುತು ನಿಂತಿರುವುದನ್ನು ಅವಳೇ ಹುಡುಕಿ ಹೇಳಿದಳು. ಬೆಳೆ–ಬೇಳೆ, ಕೆರೆ–ಕೇರೆ, ಕೊಡು–ಕೋಡು ಎಂದು ಜೋಡಿಗಳನ್ನು ಮಾಡಿ ಇಟ್ಟೆ. ಕೋಲಾರಮ್ಮ ಕೆರೆಯ ಹತ್ತಿರ ಹೋದಾಗಲೆಲ್ಲ ‘ಕೆರೆಯಲ್ಲಿ ಕೇರೆ ಇದೆಯೇ?’ ಎಂದು ಕೇಳುವುದು ಅವಳಿಗೆ ಅಭ್ಯಾಸವಾಯಿತು.

ಅವರೆಕಾಯಿಯ ಕಾಲ ಬಂದಾಗ ಅಡುಗೆಮನೆಯ ಡಬ್ಬಿಗಳಿಗೆ ಹೆಸರು ಅಂಟಿಸಿದೆವು. ರಾಗಿ, ಅವರೆ, ಹುರುಳಿ, ಬೇಳೆ, ಜೀರಿಗೆ, ಸಾಸಿವೆ. ಇವೆಲ್ಲ ಒತ್ತಿಲ್ಲದ ಪದಗಳು. ಅಜ್ಜಿ ‘ಹುರುಳಿ ತಾ’ ಎಂದರೆ ಚೀಟಿ ಓದಿ ತರುವುದು ಅವಳ ಕೆಲಸ. ಮುಚ್ಚಳ ತೆಗೆದು ಒಳಗೆ ನೋಡುವಂತಿಲ್ಲ ಎಂಬ ನಿಯಮವನ್ನು ಅವಳೇ ಹಾಕಿಕೊಂಡಳು. ಒತ್ತು ಇರುವ ಡಬ್ಬಿಗಳು ಇನ್ನೊಂದು ಸಾಲಿನಲ್ಲಿ ಹೆಸರಿಲ್ಲದೆ ಕಾದವು: ಅಕ್ಕಿ, ಉಪ್ಪು, ಬೆಲ್ಲ, ಸಕ್ಕರೆ.

ಒತ್ತಕ್ಷರಕ್ಕೆ ಕಾಯಲು ಅವಳಿಗೆ ಮನಸ್ಸಿರಲಿಲ್ಲ, ಕಾರಣವೂ ಸರಿಯಾಗಿತ್ತು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜಿ, ಅತ್ತೆ, ಮಗುವಿಗೆ ಹತ್ತಿರವಾದವರೆಲ್ಲರ ಹೆಸರೂ ಒತ್ತಿನವು. ಅಪ್ಪ, ಅಕ್ಕ, ಅಜ್ಜಿ ಬೇಗ ಬಂದವು, ಅಲ್ಲಿ ಕೆಳಗಿರುವುದು ಮೇಲಿನ ಅಕ್ಷರದ್ದೇ ಚಿಕ್ಕ ರೂಪ. ‘ಅಮ್ಮ’ ಬರಲಿಲ್ಲ. ‘ಮ’ದ ಒತ್ತು ‘ಮ’ದಂತೆ ಕಾಣುವುದಿಲ್ಲ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಬೇರೆಯದೇ ಆಕಾರದವು, ಅವನ್ನು ಒಂದೊಂದಾಗಿ ಗುರುತಿಟ್ಟುಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲ. ಹಾಗಾಗಿ ಒಂದೊಂದಕ್ಕೂ ಒಂದು ಪದ ಗೊತ್ತು ಮಾಡಿದೆವು: ಅತ್ತೆ, ಅನ್ನ, ಅಮ್ಮ, ಬೆಲ್ಲ. ‘ಯ’ಕ್ಕೆ ‘ಅಯ್ಯೋ’ ಅವಳ ಆಯ್ಕೆ. ‘ರ’ದ ಒತ್ತಿಗೆ ಶ್ರೀನಿವಾಸಪುರದ ಬಸ್ ಸಿಕ್ಕಿತು. ಖ, ಘ, ಛ, ಝ ಮುಂತಾದ ಮಹಾಪ್ರಾಣಗಳನ್ನು ಕೊನೆಗೆ ಬಿಟ್ಟೆ. ನಮ್ಮ ದಿನದ ಮಾತಿನಲ್ಲಿ ಅವು ಸ್ಪಷ್ಟವಾಗಿ ಕೇಳುವುದಿಲ್ಲ, ಕೇಳದ ಶಬ್ದವನ್ನು ಓದಿಸುವುದು ಕಷ್ಟ.

ಇದೆಲ್ಲ ನಡೆಯುವಾಗ ಇನ್ನೊಂದು ಕೆಲಸ ಒಂದು ರಾತ್ರಿಯೂ ತಪ್ಪಲಿಲ್ಲ, ಮಲಗುವ ಮುನ್ನ ನಾನು ಓದಿ ಹೇಳುವುದು. ಅವಳು ಓದಬೇಕಾದ ಪುಸ್ತಕ ಬೇರೆ, ಕೇಳಬೇಕಾದ ಪುಸ್ತಕ ಬೇರೆ. ಓದುವುದು ‘ಮರ, ದನ’ದ ಮಟ್ಟದಲ್ಲಿದ್ದಾಗಲೂ ಕೇಳುವುದು ಆನೆ, ರಾಕ್ಷಸ, ಸಮುದ್ರದ ಮಟ್ಟದಲ್ಲಿರಬೇಕು. ಮಗುವಿನ ಬುದ್ಧಿ ಐದು ಅಕ್ಷರಕ್ಕೆ ಕಾಯುತ್ತಾ ಕೂರುವುದಿಲ್ಲ. ಪುಸ್ತಕಗಳಿಗೆ ಹೆಚ್ಚು ಖರ್ಚು ಮಾಡುವ ಶಕ್ತಿ ನಮಗಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಹಂತಗಳ ಪ್ರಕಾರ ಉಚಿತವಾಗಿ ಸಿಗುತ್ತವೆ. ಮೊದಲ ಹಂತದ ಕೆಲವನ್ನು ಮುದ್ರಿಸಿ ದಾರದಿಂದ ಹೊಲಿದೆ. ಮೊಬೈಲ್ ಪರದೆಯಲ್ಲಿ ತೋರಿಸಬಹುದಿತ್ತು. ಆದರೆ ಬೆರಳಿಟ್ಟು ಓದುವಾಗ ಪರದೆ ಸರಿದು ಹೋಗುತ್ತದೆ, ಕಾಗದ ಸರಿಯುವುದಿಲ್ಲ. ಯಜಮಾನರ ಹಳ್ಳಿಯ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ಅವಳ ಹೆಸರು ಬರೆಸಿದೆವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೇಲೆ ಇಂತಹ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕಾರ್ಡಿನ ಮೇಲೆ ತನ್ನ ಹೆಸರನ್ನು ತಾನೇ ಓದಿದಳು.

ವಾಕ್ಯ ಓದಲು ತೊಡಗಿದಾಗ ಹೊಸದೊಂದು ತೊಡಕು. ಪುಸ್ತಕದಲ್ಲಿ ‘ನಾಯಿ ಓಡುತ್ತದೆ’ ಎಂದಿದ್ದರೆ ಅವಳು ನಡುವಿನ ಸ್ವರ ನುಂಗಿ, ಮನೆಯಲ್ಲಿ ಆಡುವ ಹಾಗೆ ಹೇಳುತ್ತಿದ್ದಳು. ಅಕ್ಷರ ನೋಡದೆ ಊಹಿಸುತ್ತಿದ್ದಾಳೆ ಎಂದು ಬೈಯುವವರಿದ್ದಾರೆ. ನನಗೆ ಅದು ಒಳ್ಳೆಯ ಗುರುತಾಗಿ ಕಂಡಿತು: ಅರ್ಥ ಮೊದಲು ತಲುಪಿದೆ, ಬಾಯಿ ತನ್ನ ಮಾತಿನಲ್ಲಿ ಹೇಳುತ್ತಿದೆ. ತಡೆಯಲಿಲ್ಲ. ವಾಕ್ಯ ಮುಗಿದ ಮೇಲೆ ನಾನು ಅದನ್ನೇ ಪುಸ್ತಕದಲ್ಲಿರುವಂತೆ, ಬೆರಳಿಟ್ಟು, ಒಮ್ಮೆ ಓದುತ್ತಿದ್ದೆ. ಪುಸ್ತಕದ ಕನ್ನಡ ಬೇರೆ ಧಾಟಿಯದು ಎಂದು ಅವಳಿಗೆ ತಿಳಿದದ್ದು ರಾತ್ರಿ ಕೇಳಿದ ಕಥೆಗಳಿಂದ. ಮಾವಿನ ಹಣ್ಣಿನ ಹೊತ್ತಿಗೆ ತನ್ನ ಗೊಂಬೆಗಳಿಗೆ ಪಾಠ ಹೇಳುವಾಗ ‘ಬರುತ್ತಾನೆ, ಹೋಗುತ್ತಾನೆ’ ಎಂದು ಪೂರ್ತಿ ಬಿಡಿಸಿ ಹೇಳುತ್ತಿದ್ದಳು.

ಬೇಡವೆಂದ ಸಂಜೆಗಳೂ ಇದ್ದವು. ಚೀಟಿಗಳ ಡಬ್ಬಿ ತಂದರೆ ಮುಖ ತಿರುಗಿಸುತ್ತಿದ್ದಳು. ಆಗ ನಾನು ಒತ್ತಾಯ ಮಾಡದೆ ಡಬ್ಬಿಯನ್ನು ಮೂಲೆಯಲ್ಲಿ ಬಿಟ್ಟು ನನ್ನ ಪತ್ರಿಕೆ ಹಿಡಿದು ಕೂರುತ್ತಿದ್ದೆ. ಓದುವುದು ಮಕ್ಕಳಿಗೆ ಹಾಕುವ ಕೆಲಸವಲ್ಲ, ದೊಡ್ಡವರು ತಾವಾಗಿ ಬಯಸಿ ಮಾಡುವ ಕೆಲಸ ಎಂದು ಅವಳು ನೋಡಬೇಕಿತ್ತು. ಅವಳ ಓರಗೆಯ ಮಕ್ಕಳ ಜೊತೆ ಹೋಲಿಸಲು ಬಂದ ನೆಂಟರನ್ನು ಮಾತ್ರ ನಾನು ಮೃದುವಾಗಿ ನಿಲ್ಲಿಸಲಿಲ್ಲ, ನೇರವಾಗಿಯೇ ನಿಲ್ಲಿಸಿದೆ. ಅವಳ ಎದುರಿಗೇ ‘ಇವಳಿಗೆ ಇನ್ನೂ ಓದು ಬರುವುದಿಲ್ಲವೇ’ ಎಂದು ಕೇಳುವುದನ್ನು ನಾನು ಸಹಿಸಲಾರೆ.

ಈಗ ಒಂದನೇ ತರಗತಿ. ಒತ್ತಿನ ಡಬ್ಬಿಗಳಿಗೂ ಹೆಸರು ಬಂದಿದೆ, ‘ಉಪ್ಪು’ ಅವಳೇ ಬರೆದದ್ದು. ಸದ್ಯ ಕಾಡುತ್ತಿರುವುದು ಅರ್ಕಾವತ್ತು. ‘ಸೂರ್ಯ’ದಲ್ಲಿ ಬರೆಯುವುದು ‘ಯ’ ಆದ ಮೇಲೆ, ಓದುವುದು ‘ಯ’ಕ್ಕಿಂತ ಮೊದಲು. ಸರದಿಯನ್ನು ಅದು ಏಕೆ ಮೀರಬೇಕು ಎಂಬುದು ಅವಳ ತಕರಾರು, ಒಪ್ಪುವಂತಹ ಉತ್ತರ ನನ್ನಲ್ಲಿಲ್ಲ. ಕರ್ನಾಟಕ, ಮಾರ್ಗ, ವರ್ಷ ಎಂದು ಬರೆದ ಚೀಟಿಗಳು ಸಿದ್ಧವಾಗಿವೆ. ಈ ವಾರ ಅಕ್ಕ ಬರುತ್ತಾಳೆ, ತನ್ನ ತರಗತಿಯಲ್ಲಿ ಇದನ್ನು ಹೇಗೆ ಆಡಿಸುತ್ತಾಳೆಂದು ಕೇಳಬೇಕು.